ನಮ್ಮೂರ ಮೀನು ಯಾವುದು?

ಜಯನಗರ, ಜೆ.ಪಿ. ನಗರದ ಕರಾವಳಿ ಹೋಟೆಲುಗಳಲ್ಲಿ ಮೊದಲ ಮರ್ಯಾದೆ ಅಂಜಲ್‌ಗೆ. ಮುಳ್ಳು ಕಮ್ಮಿ, ತುಂಡು ದಪ್ಪ, ತವಾ ಫ್ರೈಗೆ ಹೇಳಿ ಮಾಡಿಸಿದ್ದು, ನಿಜ. ಆದರೆ ನಾಲಿಗೆಗೆ ಸಿಗೋದು ಹೆಚ್ಚಾಗಿ ಮಸಾಲೆ. ಮೀನಿನ ರುಚಿಯೇ ಬೇಕು ಅನ್ನೋರು ಬಂಗುಡೆ, ಭೂತಾಯಿ ಕೇಳಬೇಕು. ಪುಳಿಮುಂಚಿಯ ಹುಳಿ-ಖಾರಕ್ಕೆ ಎದುರು ನಿಲ್ಲೋದು ಅವುಗಳ ಎಣ್ಣೆಯಂಶ.

ಆದರೂ ಇವೆಲ್ಲ ಸುಮಾರು 350 ಕಿ.ಮೀ. ದೂರದಿಂದ ಐಸಿನಲ್ಲಿ ಬಂದ ನೆಂಟರು. ಜೂನ್ 1ರಿಂದ ಜುಲೈ 31ರವರೆಗೆ ರಾಜ್ಯದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಲೂ ಮೆನುವಿನಿಂದ 'ಫ್ರೆಶ್' ಅನ್ನೋ ಪದ ಅಳಿಸಿದ್ದನ್ನು ನಾನು ನೋಡಿಲ್ಲ.

ಹಾಗಾದ್ರೆ ನಮ್ಮ ಕಡೆಯದು ಯಾವುದು? ಕಟ್ಲಾ, ರೋಹು ಗಂಗೆಯ ಸೀಮೆಯವು, ಜಿಲೇಬಿ ಆಫ್ರಿಕಾದ್ದು. ಇಲ್ಲಿನ ಕೆರೆ-ಹೊಳೆಗಳ ಹಳೇ ನಿವಾಸಿ ಕೊರಮೀನು. ಗಾಳಿ ಉಸಿರಾಡೋ ಮೀನಾದ್ದರಿಂದ ಜೀವಂತವಾಗೇ ಮಾರುಕಟ್ಟೆಗೆ ಬರುತ್ತೆ. ಮಾಂಸ ಗಟ್ಟಿ, ಸಣ್ಣ ಮುಳ್ಳಿನ ಕಾಟವಿಲ್ಲ. ಹುಣಸೆಹುಳಿ ಸಾರು, ಬಿಸಿ ಮುದ್ದೆ ಜೊತೆ ತಿಂದರೆ ನನ್ನ ಮೊದಲ ಅಂಕ ಇದಕ್ಕೇ.

ಷರತ್ತು ಒಂದೇ: ಕಬಿನಿ, ಕೆ.ಆರ್.ಎಸ್. ಕಡೆಯದಾಗಿರಬೇಕು. ಬಿ.ಟಿ.ಎಂ. ಲೇಔಟಿನ ಪಕ್ಕದಲ್ಲೇ ಮಡಿವಾಳ ಕೆರೆ ಇದೆ. ಆದರೆ ಕೊಳಚೆ ಸೇರುವ ನಗರದ ಕೆರೆಯ ಮೀನನ್ನು ತಟ್ಟೆಗೆ ಹಾಕಿಕೊಳ್ಳೋ ಧೈರ್ಯ ನನಗಿಲ್ಲ. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದವು. ಮನೆ ಹತ್ತಿರದ ಕೆರೆ ಬಿಟ್ಟು ಮೈಸೂರು ದಾರಿ ನೋಡಬೇಕಾಗಿರೋದೇ ಈ ಊರಿನ ಮೇಲೆ ನನ್ನ ದೂರು.