ಶೀಶೆಯ ಮೇಲೆ ಬರೆಯದೇ ಇರುವುದು

ಈದ್‌ಗೆ ಮುಂಚಿನ ವಾರ ಹೈದರಾಬಾದಿನ ಚಾರ್ಮಿನಾರ್ ಸುತ್ತಲಿನ ಅತ್ತರಿನ ಅಂಗಡಿಗಳಿಗೆ ಹೋಗಿದ್ದರೆ ಈ ದೃಶ್ಯ ನಿಮಗೆ ಗೊತ್ತಿರುತ್ತದೆ. "ಕ್ಯಾ ಹೋನಾ ಭಾಯ್?" ಅಂತ ಕೇಳುತ್ತಲೇ ಅಂಗಡಿಯವರು ಗಾಜಿನ ಕಡ್ಡಿಯಿಂದ ಮುಂಗೈ ಮೇಲೆ ಒಂದು ಗೆರೆ ಎಳೆದುಬಿಡುತ್ತಾರೆ. ಮೂಸುತ್ತೇವೆ. ಎರಡನೆಯದು, ಮೂರನೆಯದು, ಆರನೆಯದು. ಕೈಯಲ್ಲಿ ಜಾಗ ಮುಗಿಯುತ್ತದೆ, ಮೂಗೂ ಸೋಲುತ್ತದೆ. ಕೊನೆಗೆ ಯಾವುದು ಹೆಚ್ಚು ಘಾಟಾಗಿ ಹೊಡೆಯಿತೋ ಅದನ್ನೇ ಕೊಂಡು ಬರುತ್ತೇವೆ. ಮನೆಯಲ್ಲಿ ಹಚ್ಚಿಕೊಂಡರೆ ಅಂಗಡಿಯಲ್ಲಿದ್ದ ವಾಸನೆಯೇ ಬೇರೆ, ಇದೇ ಬೇರೆ. "ಅಂಗಡಿಯವ ಮೋಸ ಮಾಡಿದ" ಅಂತೀವಿ.

ಅರ್ಧ ಮೋಸ ನಾವೇ ಮಾಡಿಕೊಂಡದ್ದು ಎಂಬುದು ನನ್ನ ತಕರಾರು. ನಾನು ಮೇಷ್ಟ್ರು, ಉತ್ತರಪತ್ರಿಕೆಯ ಮೊದಲ ಸಾಲು ಓದಿ ಮಾರ್ಕ್ಸ್ ಹಾಕುವಂತಿಲ್ಲ. ಅತ್ತರಿಗೆ ಮಾತ್ರ ನಾವೆಲ್ಲ ಹಾಗೇ ಹಾಕುತ್ತೇವೆ. ಯಾವ ಸುಗಂಧವೂ ಒಂದೇ ವಾಸನೆಯಲ್ಲ. ನಿಂಬೆ, ಕಿತ್ತಳೆಯಂಥ ಹಗುರವಾದವು ಮೊದಲ ಹತ್ತು ಹದಿನೈದು ನಿಮಿಷದಲ್ಲೇ ಹಾರಿಹೋಗುತ್ತವೆ. ಆಮೇಲೆ ಹೂವು ಬರುತ್ತದೆ. ಗಂಧ, ಊದ್, ಕಸ್ತೂರಿಯಂಥ ಭಾರದವು ಕೊನೆಯವರೆಗೆ ಮೈಗೆ ಅಂಟಿಕೊಂಡಿರುತ್ತವೆ. ನೀವು ದಿನವಿಡೀ ಬಾಳುವುದು ಆ ಕೊನೆಯದರ ಜೊತೆ, ಕೊಂಡದ್ದು ಮೊದಲನೆಯದನ್ನು. ಅದಕ್ಕೇ ಹೇಳುತ್ತೇನೆ, ಎರಡೇ ಎರಡು ಹಚ್ಚಿಸಿಕೊಳ್ಳಿ, ಉಜ್ಜಬೇಡಿ, ಹೊರಗೆ ಬಂದು ಚಹಾ ಕುಡಿಯಿರಿ, ಒಂದು ಗಂಟೆ ಬಿಟ್ಟು ಮತ್ತೆ ಮೂಸಿ. ಆಮೇಲೂ ಇಷ್ಟವಾದರೆ ಮೂರು ಎಂಎಲ್ ಶೀಶೆ ಸಾಕು.

ಸ್ಪ್ರೇ ಮತ್ತು ಅತ್ತರಿನ ನಡುವಿನ ವ್ಯತ್ಯಾಸವನ್ನೂ ನಾವು ತಪ್ಪಾಗಿ ಹಿಡಿದಿದ್ದೇವೆ. ಸ್ಪ್ರೇಯಲ್ಲಿ ಸುಗಂಧವನ್ನು ಆಲ್ಕೋಹಾಲು ಎತ್ತಿ ಗಾಳಿಗೆ ಎಸೆಯುತ್ತದೆ, ನೀವು ಬರುವ ಮುಂಚೆಯೇ ಸುದ್ದಿ ಬರುತ್ತದೆ. ಅತ್ತರು ಎಣ್ಣೆ. ಮೈಯ ಬಿಸಿಗೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ, ಈದ್ ದಿನ ಅಪ್ಪಿಕೊಂಡವರಿಗೆ ಮಾತ್ರ ಗೊತ್ತಾಗುವಷ್ಟು. ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುವ ಹತ್ತಿಯ ಫಾಯಾ ಇದ್ದದ್ದು ಅದಕ್ಕೇ. ಅದನ್ನು ಸ್ಪ್ರೇಯ ಹಾಗೆ ಕೋಣೆ ತುಂಬಿಸಲು ಹೋದರೆ ತಲೆನೋವು ಬರುತ್ತದೆ, ಬಿಳಿ ಕುರ್ತಾದ ಮೇಲೆ ಕಲೆ ಉಳಿಯುತ್ತದೆ.

ಈಗ ನನ್ನ ಮೆಚ್ಚುಗೆ, ಜಗಳ ಎರಡೂ. ಶಮಾಮಾ ಮಸಾಲೆ, ಬೇರು, ಗಿಡಮೂಲಿಕೆಗಳನ್ನು ಒಂದರ ಮೇಲೊಂದು ಬಟ್ಟಿ ಇಳಿಸಿ ಕೂಡಿಸಿದ್ದು. ಚಳಿಗಾಲದ ರಾತ್ರಿ ಅದು ಕಂಬಳಿಯಷ್ಟೇ ಬೆಚ್ಚಗೆ. ಮೇ ತಿಂಗಳಲ್ಲಿ ಸಿಟಿ ಬಸ್ಸಿನಲ್ಲಿ ಶಮಾಮಾ ಹಚ್ಚಿಕೊಂಡು ನಿಲ್ಲುವವರ ಪಕ್ಕ ನಾನು ನಿಂತಿದ್ದೇನೆ, ಆ ಕತೆ ಬೇಡ. ಊದ್ ಬಗ್ಗೆ ಈಗ ಎಲ್ಲರಿಗೂ ಹುಚ್ಚು. ಅಸ್ಸಾಮಿನಲ್ಲಿ ಬೆಳೆಯುವ ಅಗರು ಮರಕ್ಕೆ ಬೂಷ್ಟು ಹತ್ತಿದಾಗ ಒಳಗೆ ಕಟ್ಟಿಕೊಳ್ಳುವ ಕಪ್ಪು ರಾಳದಿಂದ ಬರುವುದು ಅದು. ಅಸಲಿ ಎಣ್ಣೆಗೆ ತೊಲಕ್ಕೆ ಸಾವಿರಗಟ್ಟಲೆ ಕೊಡಬೇಕು. ಇನ್ನೂರು ರೂಪಾಯಿಗೆ ಸಿಕ್ಕ ನಿಮ್ಮ ಶೀಶೆಯಲ್ಲಿರುವುದು ಊದ್‌ನ ಹೆಸರು. ಗುಲಾಬಿಯದೂ ಇದೇ ಲೆಕ್ಕ. ಒಂದು ಕಿಲೋ ಎಣ್ಣೆಗೆ ಮೂರು ಸಾವಿರ ಕಿಲೋಗೂ ಮೇಲೆ ಹೂವು ಬೇಕು.

ನನ್ನ ಮಟ್ಟಿಗೆ ನಮ್ಮ ಸೆಖೆಗೆ ಹೇಳಿಮಾಡಿಸಿದವು ಎರಡೇ, ಮಿಟ್ಟಿ ಮತ್ತು ಖಸ್. ಕನೌಜಿನಲ್ಲಿ ಸುಟ್ಟ ಜೇಡಿಮಣ್ಣಿನ ತುಂಡುಗಳನ್ನು ತಾಮ್ರದ ದೇಗ್‌ನಲ್ಲಿ ನೀರಿನೊಂದಿಗೆ ಕಾಯಿಸಿ, ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ, ಭಪ್ಕಾ ಎಂಬ ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಕುಡಿಸುತ್ತಾರೆ. ನಾನು ಕಲಬುರಗಿಯವ. ಮೇ ತಿಂಗಳ ಸಂಜೆ ಅಂಗಳಕ್ಕೆ ನೀರು ಚಿಮುಕಿಸಿದಾಗ ಏಳುವ ಉಸಿರು ಅದರಲ್ಲಿದೆ. ಆದರೆ ಎಸಿ ಕೋಣೆಯಲ್ಲಿ ಮಿಟ್ಟಿ ಮೂಕ, ಅದಕ್ಕೆ ಸೆಖೆ ಬೇಕು. ಖಸ್ ಅಂದರೆ ನಮ್ಮ ಲಾವಂಚ. ಕುಡಿಯುವ ನೀರಿನ ಮಡಕೆಗೆ ಹಾಕುತ್ತಿದ್ದ ಅದೇ ಬೇರು. ತಾಮ್ರದ ಪಾತ್ರೆಯಲ್ಲಿ ಇಳಿಸಿದ ರೂಹ್ ಖಸ್‌ಗೆ ಹಸಿರು ಬಣ್ಣ ಬರುತ್ತದೆ. ಅಂತ ಹಸಿರಾಗಿರುವುದೆಲ್ಲ ಖಸ್ ಅಲ್ಲ, ಬಣ್ಣ ಹಾಕುವುದು ಕಷ್ಟದ ಕೆಲಸವೇನೂ ಅಲ್ಲ.

ಈ ಅತ್ತರುಗಳ ತಳದಲ್ಲಿ ಇರಬೇಕಾದದ್ದು ಗಂಧದೆಣ್ಣೆ. ಕನ್ನಡದಲ್ಲಿ ಗಂಧ ಅಂದರೆ ಮರವೂ ಹೌದು, ವಾಸನೆಯೂ ಹೌದು. ಉರ್ದುವಿನಲ್ಲಿ ಸಂದಲ್ ಬೇರೆ, ಖುಷ್ಬೂ ಬೇರೆ. ಎರಡೂ ಭಾಷೆಯ ಮನೆಯಲ್ಲಿ ಬೆಳೆದ ನನಗೆ ಈ ವಿಷಯದಲ್ಲಿ ಕನ್ನಡದ ಮೇಲೆಯೇ ಹೆಚ್ಚು ಅಭಿಮಾನ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಕೊರಡು ಸಾಗಿಸುವ ದಾರಿ ಮುಚ್ಚಿದಾಗ ಮೈಸೂರು ಸಂಸ್ಥಾನ 1916ರಲ್ಲಿ ತನ್ನದೇ ಎಣ್ಣೆ ಕಾರ್ಖಾನೆ ತೆರೆಯಿತು. ನಮ್ಮ ಅಜ್ಜಿಯರ ಸ್ನಾನದ ಮನೆಯ ಸೋಪು ಹುಟ್ಟಿದ್ದು ಅದರ ಬೆನ್ನಿಗೆ. ಈಗ ಶ್ರೀಗಂಧದ ಬೆಲೆ ಏರಿ, ಬಹಳಷ್ಟು ಅತ್ತರುಗಳ ತಳಕ್ಕೆ ಲಿಕ್ವಿಡ್ ಪ್ಯಾರಾಫಿನ್ನೋ ಮತ್ತೊಂದು ಅಗ್ಗದ ರಾಸಾಯನಿಕವೋ ಬಂದು ಕೂತಿದೆ. ಹೆಸರು ಅದೇ, ನೆಲ ಬದಲಾಗಿದೆ.

ಆದರೆ ಶೀಶೆ ಏನು ಹೇಳುತ್ತದೆ ನೋಡಿ. 'ಆಲ್ಕೋಹಾಲ್ ಫ್ರೀ'. ಇಲ್ಲದ್ದರ ಹೆಸರು ದೊಡ್ಡ ಅಕ್ಷರದಲ್ಲಿದೆ, ಇರುವುದರ ಹೆಸರು ಎಲ್ಲೂ ಇಲ್ಲ. ಸುಗಂಧದಲ್ಲಿನ ಆಲ್ಕೋಹಾಲಿನ ಬಗ್ಗೆ ಉಲಮಾಗಳಲ್ಲಿ ಬೇರೆಬೇರೆ ಅಭಿಪ್ರಾಯಗಳಿವೆ. ಅದನ್ನು ನಿಮ್ಮ ಆಲಿಮರನ್ನೇ ಕೇಳಿ, ನಾನು ಬಿ.ಎಡ್. ಮಾಡಿದವ, ಫತ್ವಾ ಕೊಡುವವನಲ್ಲ. ನನ್ನ ಆಕ್ಷೇಪ ಆ ಎರಡು ಪದ ಕಂಡ ಕೂಡಲೇ ನಾವು ಮುಂದಿನ ಪ್ರಶ್ನೆ ನಿಲ್ಲಿಸಿಬಿಡುವುದರ ಬಗ್ಗೆ. ತಳ ಯಾವ ಎಣ್ಣೆ? ಹೂವಿನದೋ, ಕಾರ್ಖಾನೆಯದೋ? ಕಾರ್ಖಾನೆಯದಾದರೆ ತಪ್ಪೇನಿಲ್ಲ, ಹೇಳಿ ಮಾರಲಿ. ನಮ್ಮ ದೀನನ್ನು ತೋರಿಸಿ ಪ್ಯಾರಾಫಿನ್ ಮಾರುವುದು ಬೇಡ.

ಇಷ್ಟೆಲ್ಲ ಬರೆಯಲು ಕಾರಣ ಒಬ್ಬ ಹುಡುಗ. ನಾನು ಪಾಠ ಮಾಡುವ ಶಾಲೆಯಲ್ಲಿ, ಎಂಟನೇ ಕ್ಲಾಸು. ಒಂದು ಶುಕ್ರವಾರ ಜುಮಾ ಮುಗಿಸಿ ಬಂದವನು ನಲ್ಲಿಯ ಕೆಳಗೆ ಕೈ, ಕುತ್ತಿಗೆ ಉಜ್ಜಿ ತೊಳೆಯುತ್ತಿದ್ದ. ಕೇಳಿದರೆ ಮೊದಲು ಹೇಳಲಿಲ್ಲ. ಆಮೇಲೆ, "ಸರ್, ನಾನು ಬಂದರೆ ಎಲ್ಲರೂ ಮೂಗು ಮುಚ್ಕೋತಾರೆ. 'ಬಂತು ನೋಡು ಮೊಹಲ್ಲಾ' ಅಂತಾರೆ." ಅದೇ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಬ್ಬರು ಬಾಡಿ ಸ್ಪ್ರೇ ಹೊಡೆದುಕೊಂಡು ನಾಲ್ಕು ಜನ ಕೆಮ್ಮಿದ್ದರು, ಅದಕ್ಕೆ ಯಾರೂ ಯಾವ ಬೀದಿಯ ಹೆಸರನ್ನೂ ಇಟ್ಟಿರಲಿಲ್ಲ. ನನಗೆ ಸಿಟ್ಟು ಬಂತು. ಆದರೆ ಸುಳ್ಳು ಯಾಕೆ ಹೇಳಲಿ, ಹುಡುಗನ ಕೈ ಮೂಸಿದರೆ ಕಣ್ಣಲ್ಲಿ ನೀರು ಬರುವಷ್ಟು ಘಾಟಿತ್ತು. ಅರ್ಧ ಶೀಶೆ ಸುರಿದುಕೊಂಡಿದ್ದ. ಅವರು ನಕ್ಕದ್ದೂ ತಪ್ಪು, ಅವನ ಕೈಗೆ ಆ ಶೀಶೆ ಕೊಟ್ಟು ಹಚ್ಚುವುದು ಹೇಗೆಂದು ಹೇಳದೇ ಇದ್ದ ನಾವೂ ತಪ್ಪು.

ಮುಂದಿನ ಶುಕ್ರವಾರ ನನ್ನ ಖಸ್ ಶೀಶೆ ತೆಗೆದುಕೊಂಡು ಹೋದೆ. ಅವನಿಗೊಂದು ಫಾಯಾ ಮಾಡಿಕೊಟ್ಟು, ಕೊನೆಯ ಪೀರಿಯಡ್‌ಗೆ ಬಂದು ಏನು ವಾಸನೆ ಹೇಳು ಅಂದೆ. ಬಂದ. ಮುಂಗೈ ಮೂಸಿ ಮೂಸಿ, "ನಾನಿ ಮನೆ ಮಡಕೆ ನೀರು ಸರ್" ಅಂದ. ಹಿಂದಿನ ಬೆಂಚಿನವನೊಬ್ಬ ಎದ್ದು, "ನಮಗೇನೂ ವಾಸನೆ ಬರ್ತಿಲ್ಲ ಸರ್" ಅಂದ.

ಹತ್ತಿರ ಬಂದು ಮೂಸು ಅಂದೆ.