ಗಾಜು ಬಿಡಿ, ಉರಿ ನೋಡಿ

ಗ್ಯಾಸ್ ಒಲೆ ಮಾರುವ ಯಾವ ಅಂಗಡಿಗೆ ಹೋದರೂ ಈಗ ಮೊದಲು ಕಣ್ಣಿಗೆ ಬೀಳುವುದು ಗಾಜು. ಕಪ್ಪು ಗಾಜು, ಹೂಬಳ್ಳಿ ಬಿಡಿಸಿದ ಗಾಜು, ಕನ್ನಡಿಯಂತೆ ಮುಖ ಕಾಣಿಸುವ ಗಾಜು. ಸ್ಟೀಲ್ ಒಲೆಗಳು ಕಪಾಟಿನ ಕೆಳಸಾಲಿಗೆ ಸರಿದಿವೆ. ಅಂಗಡಿಯವರ ಮಾತೆಲ್ಲ ಗಾಜಿನ ವಾರಂಟಿ, ಬರ್ನರುಗಳ ಸಂಖ್ಯೆ, ಆಟೋ ಇಗ್ನಿಷನ್ ಇವುಗಳ ಸುತ್ತಲೇ ತಿರುಗುತ್ತದೆ. ಉರಿ ಹೇಗೆ ಬರುತ್ತದೆ ಎಂದು ಕೊಳ್ಳುವವರೂ ಕೇಳುವುದಿಲ್ಲ, ಮಾರುವವರೂ ಹೇಳುವುದಿಲ್ಲ. ವರ್ಷಗಟ್ಟಲೆ ದಿನಕ್ಕೆ ಮೂರು ಹೊತ್ತು ಹಚ್ಚುವ ಒಲೆಯನ್ನು ನಾವು ಆಯುತ್ತಿರುವ ಈ ರೀತಿ ತಲೆಕೆಳಗಾಗಿದೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಒಲೆಯ ಜೀವ ಇರುವುದು ಬರ್ನರಿನಲ್ಲಿ. ಗುಬುಟು ತಿರುಗಿಸಿದಾಗ ಅನಿಲ ಸೂಜಿಮೊನೆಯಷ್ಟು ಸಣ್ಣ ತೂತಿನ ಜೆಟ್‌ನಿಂದ ಚಿಮ್ಮಿ, ಅಕ್ಕಪಕ್ಕದ ಗಾಳಿಯನ್ನು ಎಳೆದುಕೊಂಡು, ಮಿಕ್ಸಿಂಗ್ ಟ್ಯೂಬಿನಲ್ಲಿ ಅದರೊಡನೆ ಬೆರೆತು ಮೇಲಿನ ತೂತುಗಳಿಗೆ ಬರುತ್ತದೆ. ಬೆರಕೆ ಸರಿಯಿದ್ದರೆ ಉರಿ ನೀಲಿ. ಗಾಳಿ ಕಡಿಮೆಯಾದರೆ ಹಳದಿ ನಾಲಿಗೆ ಏಳುತ್ತದೆ, ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತದೆ. ಅನ್ನದ ಗಂಜಿ ಉಕ್ಕಿ ನಾಲ್ಕಾರು ತೂತು ಮುಚ್ಚಿಹೋದರೂ ಸಾಕು, ಒಂದು ಕಡೆ ಉರಿ ಕುಗ್ಗಿ ಇನ್ನೊಂದು ಕಡೆ ಮೇಲೇಳುತ್ತದೆ. ಹಿತ್ತಾಳೆ ಬರ್ನರಿಗೆ ಬೆಲೆ ಬರುವುದು ಇಲ್ಲೇ. ಉಪ್ಪು, ಹುಳಿ, ನೀರು ದಿನವೂ ಬೀಳುವ ಜಾಗದಲ್ಲಿ ಅಲ್ಯುಮಿನಿಯಂ ಬೇಗ ಸವೆದು ತೂತುಗಳ ಅಂಚು ಹಾಳಾಗುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಹಿತ್ತಾಳೆ ಮಾತ್ರ ತಿಕ್ಕಿ ತೊಳೆದಷ್ಟೂ ಆಕಾರ ಉಳಿಸಿಕೊಳ್ಳುತ್ತದೆ. ಅಂಗಡಿಗೆ ಹೋಗುವಾಗ ಒಂದು ಪುಟ್ಟ ಅಯಸ್ಕಾಂತ ಜೇಬಿನಲ್ಲಿರಲಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗಿರುವುದು ಕಬ್ಬಿಣ, ಮೇಲಿರುವುದು ಬರೀ ಬಣ್ಣ. ಅಲ್ಯುಮಿನಿಯಮಿಗೂ ಅಂಟುವುದಿಲ್ಲವಾದ್ದರಿಂದ ಬರ್ನರಿನ ಮುಚ್ಚಳವನ್ನು ಅಂಗೈಯಲ್ಲಿಟ್ಟು ತೂಗಿ ನೋಡಬೇಕು. ಹಿತ್ತಾಳೆಯ ಭಾರ ಕೈಗೇ ತಿಳಿಯುತ್ತದೆ.

ಇದಕ್ಕಿಂತಲೂ ದೊಡ್ಡ ಪ್ರಶ್ನೆ, ಆ ಮನೆಯಲ್ಲಿ ಬೇಯುವುದು ಏನು ಎಂಬುದು. ಧಾರವಾಡ, ವಿಜಯಪುರದ ಕಡೆಯ ಮನೆಯಲ್ಲಿ ಜೋಳದ ರೊಟ್ಟಿಗೆ ಬಳಸುವುದು ಅಗಲವಾದ ಕಬ್ಬಿಣದ ಹಂಚು. ಅದನ್ನು ಸಣ್ಣ ಬರ್ನರಿನ ಮೇಲಿಟ್ಟರೆ ನಡುವೆ ಕೆಂಡದಂಥ ಕಾವು, ಅಂಚಿನಲ್ಲಿ ತಣ್ಣಗೆ. ರೊಟ್ಟಿಯ ಹೊಟ್ಟೆ ಸೀದರೂ ಅಂಚು ಹಸಿಯಾಗಿಯೇ ಉಳಿಯುತ್ತದೆ. ನೀರು ಸವರಿ, ತಿರುವಿ ಹಾಕಿ, ಕೊನೆಗೆ ನೇರ ಉರಿಗೆ ಹಿಡಿದು ಉಬ್ಬಿಸುವಾಗಲೂ ಉರಿ ಉಂಗುರದಂತೆ ಅಗಲಕ್ಕೆ ಹರಡಿರಬೇಕು. ಒಂದೇ ಕಡೆ ಮೊನಚಾಗಿ ಎದ್ದರೆ ರೊಟ್ಟಿ ತೂತು ಬಿದ್ದು ಗಾಳಿ ಹೋಗುತ್ತದೆ. ಮಂಡ್ಯ, ತುಮಕೂರಿನ ಕಡೆ ಬಂದರೆ ಕಷ್ಟವೇ ಬೇರೆ. ಮುದ್ದೆಗೆ ಹಿಟ್ಟು ಹಾಕಿ ಕೋಲಿನಿಂದ ತೊಳಸುವಾಗ ಎರಡು ತೋಳಿನ ಬಲವೂ ಪಾತ್ರೆಯ ಮೇಲೆ ಬೀಳುತ್ತದೆ. ಸೌದೆ ಒಲೆಯಾದರೆ ಕವೆಗೋಲು ಕೊಟ್ಟು ಪಾತ್ರೆಯನ್ನು ಅದುಮಿ ಹಿಡಿಯುತ್ತಿದ್ದರು. ಗಾಜಿನ ಒಲೆಯ ಮೇಲೆ, ಬರೀ ಕೂರಿಸಿಟ್ಟ ತೆಳು ತಂತಿಯ ಸ್ಟ್ಯಾಂಡಿನ ಮೇಲೆ, ಪಾತ್ರೆ ಜಾರುತ್ತದೆ, ಸ್ಟ್ಯಾಂಡೂ ಜಾರುತ್ತದೆ. ಅದಕ್ಕೇ ಎಷ್ಟೋ ಹೆಂಗಸರು ಬಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ಬಟ್ಟೆ ಸುತ್ತಿ ಕಾಲಲ್ಲಿ ಒತ್ತಿ ಹಿಡಿದು ತೊಳಸುತ್ತಾರೆ. ಒಲೆ ಮಾಡುವವರು ಈ ಒಂದು ಕೆಲಸವನ್ನು ಕಣ್ಣಾರೆ ನೋಡಿದ್ದರೆ ಸ್ಟ್ಯಾಂಡಿನ ಕಾಲುಗಳನ್ನು ಒಲೆಯ ಮೈಗೆ ಭದ್ರವಾಗಿ ಕಚ್ಚಿಸುತ್ತಿದ್ದರು. ಸ್ಟ್ಯಾಂಡು ದಪ್ಪಗಿರಬೇಕು, ಕೈಯಿಂದ ಅಲ್ಲಾಡಿಸಿದರೆ ಕದಲಬಾರದು, ಪುಟ್ಟ ಒಗ್ಗರಣೆ ಸೌಟನ್ನೂ ಓಲದಂತೆ ಹೊರಬೇಕು. ಒಲೆಯ ಗುಣ ಅಳೆಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಂಡಿಲ್ಲ.

ಇನ್ನು ಬರ್ನರುಗಳ ಸಂಖ್ಯೆ. ನಾಲ್ಕು ಬರ್ನರಿನ ಒಲೆ ಮನೆಗೆ ಕಳೆ ಎಂಬ ನಂಬಿಕೆ ಬೇರೂರಿದೆ. ಮುಂದೆ ಎರಡು, ಹಿಂದೆ ಎರಡು ಎಂದು ಚೌಕವಾಗಿ ಜೋಡಿಸಿದ ಒಲೆಯಲ್ಲಿ ಹಿಂದಿನ ಸಾರು ಕದಡಲು ಮುಂದಿನ ಉರಿಯ ಮೇಲೆ ಕೈ ಚಾಚಲೇಬೇಕು. ಸೀರೆಯ ಸೆರಗು, ನೈಟಿಯ ತೋಳು, ದುಪಟ್ಟಾ ಎಲ್ಲವೂ ಆ ಉರಿಯ ಮೇಲೆಯೇ ಹಾದುಹೋಗುತ್ತವೆ. ಇದನ್ನು ಅನುಕೂಲ ಎನ್ನಲು ನನಗೆ ಮನಸ್ಸಿಲ್ಲ. ಮೂರು ಬರ್ನರಿನ ಒಲೆಯಲ್ಲೂ ಒಂದು ಮೋಸವಿದೆ: ಉದ್ದ ಕಡಿಮೆ ಮಾಡಲು ಬರ್ನರುಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ. ಐದು ಲೀಟರಿನ ಕುಕ್ಕರ್ ಒಂದು ಕಡೆ, ದೋಸೆ ಕಾವಲಿ ಇನ್ನೊಂದು ಕಡೆ ಇಟ್ಟರೆ ನಡುವಿನ ಬರ್ನರು ಹಾಲಿನ ಪಾತ್ರೆಗೂ ಸಿಗುವುದಿಲ್ಲ. ಮೂರರ ದುಡ್ಡು ಕೊಟ್ಟು ಎರಡನ್ನು ಬಳಸಿದಂತಾಯಿತು.

ಗಾಜಿಗೆ ಅದರ ಪಾಲಿನ ಮೆಚ್ಚುಗೆ ಸಲ್ಲಬೇಕು. ಒರೆಸುವುದು ಸುಲಭ, ಕಲೆ ಉಳಿಯುವುದಿಲ್ಲ, ತುಕ್ಕಿನ ಭಯವಿಲ್ಲ. ಆದರೆ ಗಟ್ಟಿಗೊಳಿಸಿದ ಈ ಗಾಜು ಒಡೆದರೆ ಒಂದು ಬಿರುಕಿಗೆ ನಿಲ್ಲದೆ ಸಾವಿರ ಚೂರಾಗುತ್ತದೆ. ಕಾದ ಗಾಜಿನ ಮೇಲೆ ತಣ್ಣೀರು ಚೆಲ್ಲುವುದು, ಬಿಸಿ ಬಾಣಲೆಯನ್ನು ನೇರವಾಗಿ ಅದರ ಮೇಲಿಡುವುದು, ಅಗಲವಾದ ಹಂಚನ್ನು ಗಂಟೆಗಟ್ಟಲೆ ಉರಿಸಿ ಅದರಡಿಯ ಕಾವನ್ನು ಗಾಜಿಗೇ ಬಡಿಯುವಂತೆ ಮಾಡುವುದು ಇವೆಲ್ಲ ಅದಕ್ಕೆ ಅಪಾಯವೇ. ಹಬ್ಬದ ದಿನ ಒಂದೇ ಸಮನೆ ಹೋಳಿಗೆ ಬೇಯಿಸುವ ಮನೆಗೆ ಸ್ಟೀಲ್ ಒಲೆಯೇ ಸರಿ.

ಕಟ್ಟೆಯೊಳಗೆ ಹೂತು ಕೂರಿಸುವ ಹಾಬ್‌ಗಳ ಬಗ್ಗೆ ನನಗೆ ಆಕ್ಷೇಪಗಳಿವೆ. ಗ್ರಾನೈಟ್ ಕೊರೆಯಬೇಕು, ಕೆಟ್ಟರೆ ಬದಲಿ ಒಲೆ ಅದೇ ಕಿಂಡಿಗೆ ಕೂರುವುದು ಕಷ್ಟ. ಆದರೂ ಹಲವು ಹಾಬ್‌ಗಳಲ್ಲಿರುವ ಒಂದು ಸಾಧನವನ್ನು ಮನಸಾರೆ ಹೊಗಳುತ್ತೇನೆ. ಬರ್ನರಿನ ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ, ಥರ್ಮೊಕಪಲ್, ನಿಂತಿರುತ್ತದೆ. ಹಾಲು ಉಕ್ಕಿ ಉರಿ ಆರಿದರೆ ಆ ಕಡ್ಡಿ ತಣ್ಣಗಾಗಿ ಅನಿಲ ತಾನಾಗಿ ನಿಲ್ಲುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿ ಹರಡಿ ಮೂಲೆಗಳಲ್ಲಿ ನಿಲ್ಲುತ್ತದೆ. ಮರೆವು ಹೆಚ್ಚಿದ ಹಿರಿಯರು ಒಬ್ಬರೇ ಇರುವ ಮನೆಯಲ್ಲಿ ಈ ಕಡ್ಡಿಯ ಬೆಲೆ ಕಟ್ಟಲಾಗದು. ಹಚ್ಚುವಾಗ ಕೆಲವು ಸೆಕೆಂಡು ಗುಬುಟನ್ನು ಒತ್ತಿ ಹಿಡಿಯಬೇಕು, ಅಷ್ಟೇ ತೊಂದರೆ. ಮೇಜಿನ ಮೇಲಿಡುವ ಸಾಮಾನ್ಯ ಒಲೆಗಳಲ್ಲಿ ಇದು ಕಾಣಸಿಗುವುದೇ ಅಪರೂಪ. ಗಾಜಿನ ಮೇಲೆ ಹೂ ಬಿಡಿಸುವ ಖರ್ಚನ್ನು ಕಂಪನಿಗಳು ಇದರತ್ತ ತಿರುಗಿಸಲಿ.

ಐಎಸ್‌ಐ ಗುರುತಿಲ್ಲದ ಒಲೆಯನ್ನು ಮುಟ್ಟುವುದೇ ಬೇಡ. ಐಎಸ್ 4246 ಮಾನದಂಡದಂತೆ ಒಲೆ ಕೊಡುವ ಶಾಖದಲ್ಲಿ ಕನಿಷ್ಠ ಶೇಕಡಾ 68ರಷ್ಟು ಪಾತ್ರೆಗೆ ಸೇರಬೇಕು. ಹಾಗೆ ತೇರ್ಗಡೆಯಾದ ಒಲೆಯಲ್ಲೂ 14.2 ಕೆಜಿ ಸಿಲಿಂಡರಿನ ಸುಮಾರು ನಾಲ್ಕೂವರೆ ಕೆಜಿ ಅನಿಲದ ಶಾಖ ಗಾಳಿಗೆ ಹೋಗಬಹುದು. ಅದೂ ಪ್ರಯೋಗಾಲಯದ ಲೆಕ್ಕ. ಸಣ್ಣ ಪಾತ್ರೆಯನ್ನು ದೊಡ್ಡ ಬರ್ನರಿನ ಮೇಲಿಟ್ಟು ಉರಿ ಪಕ್ಕದಿಂದ ಮೇಲೇರಿದರೆ ನಷ್ಟ ಇನ್ನೂ ಹೆಚ್ಚು. ಬೆಂಗಳೂರಿನಂತೆ ಕೊಳವೆ ಅನಿಲ ಬಂದಿರುವ ಊರುಗಳಲ್ಲಿ ಎಲ್‌ಪಿಜಿ ಒಲೆಯನ್ನು ಹಾಗೇ ಜೋಡಿಸುವಂತಿಲ್ಲ. ಆ ಅನಿಲಕ್ಕೆ ಒಂದು ಘನ ಮೀಟರಿನಲ್ಲಿ ಶಾಖ ಕಡಿಮೆ, ಜೆಟ್ಟಿನ ತೂತು ದೊಡ್ಡದಾಗಬೇಕು. ಅನಿಲ ಕಂಪನಿಯವರಿಂದಲೇ ಅದನ್ನು ಬದಲಿಸಿಕೊಳ್ಳಿ.

ನಾಲ್ಕೈದು ಜನರ ಮನೆಗೆ ನನ್ನ ಆಯ್ಕೆ ಸ್ಟೀಲ್ ಮೈಯ, ಹಿತ್ತಾಳೆ ಬರ್ನರಿನ ಒಲೆ: ಒಂದು ದೊಡ್ಡ ಬರ್ನರು, ಒಂದು ಸಣ್ಣದು, ನಡುವೆ ಧಾರಾಳ ಜಾಗ. ಕಟ್ಟೆ ಉದ್ದವಾಗಿದ್ದರೆ ಮಾತ್ರ ಮೂರನೆಯದು. ಕೊಳ್ಳಲು ಹೊರಡುವ ಮುನ್ನ ನಿಮ್ಮ ಮನೆಯ ಅತಿ ದೊಡ್ಡ ಕಾವಲಿ ಮತ್ತು ಕುಕ್ಕರಿನ ಅಗಲವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ದಿನವೂ ಒಲೆಯ ಮುಂದೆ ನಿಲ್ಲುವವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಅವರು ಒಪ್ಪಿದ್ದನ್ನೇ ತನ್ನಿ.