ಗ್ಲ್ಯಾಡಿಸಳ ನಾಲಗೆಯನ್ನು ನಂಬಿ ಓದುವುದು

ಎಂಟರಿಂದ ಹನ್ನೆರಡರ ವಯಸ್ಸಿನ ಮಕ್ಕಳಿಗೆಂದು ಬರೆದ ಇಂಗ್ಲಿಷ್ ಕಾದಂಬರಿಗಳಲ್ಲಿ ಊಟತಿಂಡಿಗೆ ಬರವಿಲ್ಲ. ಬಹುಪಾಲು ಕಡೆ ಅದು ಕಥೆಗೆ ಹಚ್ಚಿದ ಬಣ್ಣ ಅಷ್ಟೇ. ತಾರಾ ಡೇರ್‌ಮನ್ ಬರೆದ ‘ಆಲ್ ಫೋರ್ ಸ್ಟಾರ್ಸ್’ (2014) ಓದುವಾಗ ಮಾತ್ರ ತಟ್ಟೆಯ ಮೇಲೇ ಕಣ್ಣಿಟ್ಟಿರಬೇಕು. ಇಲ್ಲಿ ಕಥೆಯನ್ನು ಮುಂದಕ್ಕೆ ಎಳೆಯುವುದೇ ರುಚಿ.

ಗ್ಲ್ಯಾಡಿಸ್ ಗ್ಯಾಟ್ಸ್‌ಬಿಗೆ ಹನ್ನೊಂದು ವರ್ಷ. ಮನೆ ನ್ಯೂಯಾರ್ಕ್ ನಗರದ ಹೊರವಲಯದಲ್ಲಿ. ಅಪ್ಪ ಅಮ್ಮನಿಗೆ ಅಡುಗೆಯಲ್ಲಿ ಆಸಕ್ತಿಯೂ ಇಲ್ಲ, ಹದವೂ ಗೊತ್ತಿಲ್ಲ. ಆ ಸಪ್ಪೆ ಊಟದ ಪುಟಗಳನ್ನು ಹಾರಿಸಬೇಡಿ. ಹುಡುಗಿಯ ಹಸಿವು ಎಂಥದ್ದೆಂದು ತಿಳಿಯುವುದು ಅಲ್ಲೇ. ಅವಳು ಕದ್ದು ಮಾಡಲು ಹೊರಟ ಕ್ರೆಮ್ ಬ್ರೂಲೆಯಿಂದ ಅಡುಗೆಮನೆಗೆ ಬೆಂಕಿ ತಗುಲುತ್ತದೆ. ಕೆನೆ, ಮೊಟ್ಟೆಯ ಕಸ್ಟರ್ಡಿನ ಮೇಲೆ ಸಕ್ಕರೆ ಉದುರಿಸಿ, ಜ್ವಾಲೆ ತಾಗಿಸಿ ಗಾಜಿನಂಥ ಹೊದಿಕೆ ಬರಿಸುವ ಫ್ರೆಂಚ್ ಸಿಹಿ ಅದು. ಇದಿಷ್ಟು ಗೊತ್ತಿದ್ದರೆ ಸಾಕು. ಉಳಿದ ಅಪರಿಚಿತ ತಿನಿಸುಗಳ ಹೆಸರು ಹುಡುಕುತ್ತಾ ಓದು ನಿಲ್ಲಿಸಬೇಡಿ.

ಮುಂದೆ ನಗರದ ದೊಡ್ಡ ಪತ್ರಿಕೆಯೊಂದು ಅವಳ ವಯಸ್ಸು ತಿಳಿಯದೆ ಹೋಟೆಲ್ ವಿಮರ್ಶೆಯ ಕೆಲಸ ಒಪ್ಪಿಸುತ್ತದೆ. ಗುಟ್ಟು ಕಾಪಾಡಬೇಕು. ಇದನ್ನು ಮಕ್ಕಳ ಕಥೆಯ ಮಾಮೂಲಿ ತಂತ್ರವೆಂದು ಬದಿಗಿಟ್ಟರೆ ಕಾದಂಬರಿಯ ತಿರುಳೇ ಕೈತಪ್ಪುತ್ತದೆ. ನಿಜವಾದ ವಿಮರ್ಶಕರಲ್ಲೂ ಹಲವರು ಗುರುತು ಮರೆಸಿಕೊಂಡೇ ಉಂಡವರು. ‘ನ್ಯೂಯಾರ್ಕ್ ಟೈಮ್ಸ್’ನ ರೂತ್ ರೈಶಲ್ ವಿಗ್ಗು ತೊಟ್ಟು ವೇಷ ಮರೆಸಿ ಹೋಗುತ್ತಿದ್ದರು. 1993ರಲ್ಲಿ ಲೆ ಸರ್ಕ್ ಎಂಬ ಪ್ರತಿಷ್ಠಿತ ಹೋಟೆಲಿನಲ್ಲಿ ಅಪರಿಚಿತೆಗೆ ಸಿಕ್ಕ ಉಪೇಕ್ಷೆ, ಗುರುತು ಸಿಕ್ಕ ಮೇಲೆ ಸಿಕ್ಕ ಆದರ ಎರಡನ್ನೂ ಬರೆದು, ಅದಕ್ಕಿದ್ದ ನಾಲ್ಕು ನಕ್ಷತ್ರವನ್ನು ಮೂರಕ್ಕೆ ಇಳಿಸಿದರು. ಹೆಸರಿಲ್ಲದವರಿಗೆ ಬಡಿಸುವ ಊಟವೇ ಹೋಟೆಲಿನ ನಿಜವಾದ ಊಟ. ಮಗುವೊಂದು ಕೂತ ಮೇಜನ್ನು ಯಾರು ತಾನೇ ಗಮನಿಸುತ್ತಾರೆ? ಗ್ಲ್ಯಾಡಿಸಳ ಎಳೆತನವೇ ಅವಳಿಗೆ ವೇಷ. ಈ ಕಾದಂಬರಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊಳಹು ಇದು.

ಗೆಳೆಯರ ಮೇಲೂ ಗಮನವಿರಲಿ. ಪಾರ್ಮ್ ಸಿಂಗ್ ಎಂಬ ಗೆಳತಿಗೆ ಯಾವ ತಿಂಡಿಯೂ ಸೇರದು. ರುಚಿಯ ಹುಚ್ಚಿನವಳ ಪಕ್ಕದಲ್ಲಿ ಅವಳನ್ನು ಕೂರಿಸಿದ್ದು ಲೇಖಕಿಯ ಜಾಣತನ. ತಿನ್ನಲೊಲ್ಲದವಳ ಎದುರು ‘ಚೆನ್ನಾಗಿದೆ’ ಎಂದರೆ ನಡೆಯದು, ಏಕೆ ಎಂದು ಹೇಳಲೇಬೇಕು. ವೈರಿಯಂತಿದ್ದ ಚರೀಸಾಳ ಮನಸ್ಸಿಗೆ ದಾರಿಯಾಗುವುದೂ ಅಡುಗೆಯೇ.

‘ದ ಸ್ಟಾರ್ಸ್ ಆಫ್ ಸಮ್ಮರ್’ (2015), ‘ಸ್ಟಾರ್ಸ್ ಸೋ ಸ್ವೀಟ್’ (2016) ಮುಂದಿನ ಭಾಗಗಳು. ಗುಟ್ಟಿನ ಭಾರ ಪುಸ್ತಕದಿಂದ ಪುಸ್ತಕಕ್ಕೆ ಏರುವುದರಿಂದ ಕ್ರಮವಾಗಿಯೇ ಓದಿ. ಎರಡನೆಯದರಲ್ಲಿ ಅವಳು ನಗರದ ಅತ್ಯುತ್ತಮ ಹಾಟ್ ಡಾಗ್ ಹುಡುಕಬೇಕು; ಬೀದಿ ತಿಂಡಿಗೂ ದೊಡ್ಡ ಹೋಟೆಲಿನಷ್ಟೇ ಶ್ರದ್ಧೆ ಸಲ್ಲುತ್ತದೆ. ಮಗುವಿಗೆ ಓದಿ ಹೇಳುವವರು, ಗ್ಲ್ಯಾಡಿಸ್ ಹೊಸದೇನನ್ನಾದರೂ ಬಾಯಿಗಿಟ್ಟಾಗ ಓದು ನಿಲ್ಲಿಸಿ, ಎಷ್ಟು ನಕ್ಷತ್ರ ಕೊಟ್ಟಾಳು, ಯಾವ ಕಾರಣಕ್ಕೆ ಎಂದು ಕೇಳಿ. ಆಮೇಲೆ ಪುಟ ತಿರುಗಿಸಿ.